ಖಾಲಿ ಪಾತ್ರೆ ವಾಪಸ್ ಕೊಟ್ಟ ಆರ್ಡಿತ್ ಕುಬಿಚೆಕ್

ಅರವತ್ತೈದು ದಾಟಿದವರಿಗೆ ಸರಕಾರ ಕೊಡುವ ಆರೋಗ್ಯ ವಿಮೆ, ಮೆಡಿಕೇರ್, ಎಲ್ಲ ಬಿಲ್ಲನ್ನೂ ಕಟ್ಟುವುದಿಲ್ಲ. ಡಾಕ್ಟರ ಬಿಲ್ಲಿನಲ್ಲಿ ಐದರಲ್ಲೊಂದು ಪಾಲು ನಿಮ್ಮ ತಲೆಯ ಮೇಲೆಯೇ ಬೀಳುತ್ತದೆ, ಆ ಪಾಲಿಗೆ ಇಷ್ಟೇ ಎಂಬ ಮಿತಿಯೂ ಇಲ್ಲ. ಅದನ್ನು ತುಂಬಿಕೊಡುವುದಕ್ಕೆ ಪೂರಕ ವಿಮೆ ಎಂದಿದೆ. ನಿಮ್ಮ ಕಾಯಿಲೆಯ ಬಗ್ಗೆ ಒಂದು ಮಾತೂ ಕೇಳದೆ ಯಾವ ಕಂಪನಿಯಾದರೂ ಅದನ್ನು ಕೊಡಲೇಬೇಕಾದ ಅವಧಿ, ಅರವತ್ತೈದು ತುಂಬಿ ಮೆಡಿಕೇರ್‌ಗೆ ಸೇರಿದ ಮೇಲೆ, ಆರೇ ಆರು ತಿಂಗಳು. ಆಮೇಲೆ ಅವರು ಕೇಳಬಹುದು, ಕೇಳಿ ಬಾಗಿಲು ಹಾಕಿಕೊಳ್ಳಬಹುದು.

ಇದು ಗುಟ್ಟಲ್ಲ. ಪ್ರತಿ ವರ್ಷ ಅಂಚೆಯಲ್ಲಿ ಬರುವ ಸರಕಾರದ ದಪ್ಪ ಪುಸ್ತಕದಲ್ಲಿ ಅಚ್ಚಾಗಿದೆ. ನಮ್ಮ ಲೊಮ್ನಿತ್ಸೆ ಊರಿನಲ್ಲಿ ಆ ಪುಸ್ತಕ ಇರುವುದು ಕುಂಟುವ ಮೇಜಿನ ಕಾಲಿನ ಕೆಳಗೆ. ಈ ಅಂಕಣ ಬರೆಯುವ ನಾನು ಪೈಪ್ ರಿಪೇರಿಯವನು. ನಿಮ್ಮೆಲ್ಲರ ಮೇಜಿನ ಕೆಳಗೂ ಇಣುಕಿ ನೋಡಿದ್ದೇನೆ, ಸುಳ್ಳು ಹೇಳಬೇಡಿ.

ಈ ಊರಿನಲ್ಲಿ ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವಳು ಒಬ್ಬಳೇ. ಆರ್ಡಿತ್ ಕುಬಿಚೆಕ್. ವಯಸ್ಸು ಎಪ್ಪತ್ತನಾಲ್ಕು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದವಳು. ಐವತ್ತರ ಒಳಗಿನವರೆಲ್ಲ ಅವಳ ಕೈಯ ಊಟ ತಿಂದೇ ಬೆಳೆದಿದ್ದೀರಿ. ಇನ್ನೊಂದು ಸೌಟು ಹಾಕಿ ಎಂದರೆ "ತಟ್ಟೇಲಿರೋದು ಮುಗ್ಸು ಮೊದ್ಲು" ಅನ್ನುತ್ತಿದ್ದಳು. ನಕ್ಕಿದ್ದನ್ನು ಕಂಡವರಿಲ್ಲ. ಆಗಲೂ ಅವಳು ನಿಮಗೆ ಹಿಡಿಸುತ್ತಿರಲಿಲ್ಲ, ಈಗಲೂ ಹಿಡಿಸುವುದಿಲ್ಲ.

ಅವಳ ಗಂಡ ಲೆನರ್ಡ್ ವಿದ್ಯುತ್ ಕಂಬ ಹತ್ತುವ ಕೆಲಸದವನು. ಅರವತ್ತೈದು ತುಂಬಿದಾಗ ಗಟ್ಟಿಮುಟ್ಟಾಗಿದ್ದ. ಪೂರಕ ವಿಮೆ ಬೇಕೇ ಎಂದು ಅವಳು ಕೇಳದ ಜಾಗವಿಲ್ಲ. ಬ್ಯಾಂಕಿನಲ್ಲಿ ಕೇಳಿದಳು, ಚರ್ಚಿನ ಮೆಟ್ಟಿಲ ಮೇಲೆ ಕೇಳಿದಳು, ಧಾನ್ಯದ ಗೋದಾಮಿನ ಮುಂದೆ ಬೆಳಗಿನ ಕಾಫಿಗೆ ಸೇರುವ ಗಂಡಸರ ಗುಂಪನ್ನೂ ಕೇಳಿದಳು. "ಕಲ್ಲಿನಂಗಿದಾನೆ, ಅವನಿಗೇನು ಅರ್ಜೆಂಟು" ಎಂದರು ಎಲ್ಲರೂ. ಆ ಗುಂಪಿನಲ್ಲಿ ನಾನೂ ಇದ್ದೆ. ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವಷ್ಟು ಮರ್ಯಾದೆಯೂ ನಮಗಿರಲಿಲ್ಲ. ಒಂಬತ್ತನೆಯ ತಿಂಗಳಿಗೆ ಲೆನರ್ಡ್‌ನ ಕಾಲ್ಬೆರಳು ಕಪ್ಪಾಯಿತು, ಸಕ್ಕರೆ ಕಾಯಿಲೆ ಎಂದರು. ಆಗ ಓಡಿ ಹೋಗಿ ಅರ್ಜಿ ಹಾಕಿದಳು. ಒಂದೇ ಸಾಲಿನ ಉತ್ತರ ಬಂತು, ವಿಷಾದಿಸುತ್ತೇವೆ ಎಂದು. ಬಿಲ್ಲಿಗೆ ಹೆದರಿ ಲೆನರ್ಡ್ ಡಾಕ್ಟರ ಬಳಿ ಹೋಗುವುದನ್ನೇ ಕದ್ದುಮುಚ್ಚಿ ತಪ್ಪಿಸುತ್ತ ಬಂದ. ಮೊದಲು ಕಾಲು ಹೋಯಿತು, ಎರಡು ವರ್ಷಕ್ಕೆ ಆಳೂ ಹೋದ.

ತಿಥಿಯೂಟ ಮುಗಿದ ಮರುವಾರ ಆರ್ಡಿತ್ ಎಂಬತ್ತು ಮೈಲಿ ಕಾರು ಓಡಿಸಿಕೊಂಡು ರಾಜ್ಯದ ರಾಜಧಾನಿ ಲಿಂಕನ್‌ಗೆ ಹೋದಳು. ಪ್ರತಿ ರಾಜ್ಯದಲ್ಲೂ ಮೆಡಿಕೇರ್ ಬಗ್ಗೆ ಪುಕ್ಕಟೆ ತಿಳಿಸಿ ಹೇಳುವವರು ಇರುತ್ತಾರೆ ಎಂದು ಅದೇ ದಪ್ಪ ಪುಸ್ತಕದ ಕೊನೆಯ ಹಾಳೆಗಳಲ್ಲಿ ಓದಿದ್ದಳು. ಅಲ್ಲಿದ್ದ ಹೆಂಗಸು ಹತ್ತು ನಿಮಿಷದಲ್ಲಿ ಎಲ್ಲ ಬಿಡಿಸಿ ಹೇಳಿದಳು. ನಮ್ಮ ಕಡೆ ಇದನ್ನು ಹೇಳುವವರು ಯಾರು ಎಂದು ಆರ್ಡಿತ್ ಕೇಳಿದಳು. ಯಾರೂ ಇಲ್ಲ ಎಂದಳು ಆಕೆ. ಹಾಗೆ ಆರ್ಡಿತ್ ತರಬೇತಿಗೆ ಸೇರಿದಳು. ಮೊದಲ ಸಲ ಪರೀಕ್ಷೆಯಲ್ಲಿ ಫೇಲಾದಳು, ಎರಡನೇ ಸಲ ಪಾಸಾದಳು. ಹನ್ನೊಂದು ವರ್ಷದಿಂದ ಪ್ರತಿ ಮಂಗಳವಾರ ಲೈಬ್ರರಿಯ ನೆಲಮಾಳಿಗೆಯಲ್ಲಿ ಒಂದು ಮಡಿಚುವ ಮೇಜು ಹಾಕಿಕೊಂಡು ಕೂರುತ್ತಾಳೆ. ಸಂಬಳವಿಲ್ಲ. ಯಾವ ಕಂಪನಿಯದನ್ನೂ ಮಾರುವಂತಿಲ್ಲ, ಯಾರಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ.

ಆ ಕೊನೆಯ ನಿಯಮವನ್ನು ಅವಳು ಹಟ ಹಿಡಿದು ಪಾಲಿಸಿದಳು. ಯಾರ ಮನೆಗೆ ಹೋದರೂ ಸ್ವಂತ ಫ್ಲಾಸ್ಕ್ ತೆಗೆದುಕೊಂಡು ಹೋಗುತ್ತಾಳೆ. ಕಾಫಿ ಮುಟ್ಟುವುದಿಲ್ಲ, ಕೊಲಾಚೆ ಮುಟ್ಟುವುದಿಲ್ಲ. ಗಸಗಸೆ ತುಂಬಿದ ಬಿಸಿ ಕೊಲಾಚೆ ಬನ್ನನ್ನು ಮುಂದಿಟ್ಟಾಗ ಬೇಡ ಎನ್ನುವುದು ಈ ಊರಿನಲ್ಲಿ ಕಪಾಳಕ್ಕೆ ಹೊಡೆದಂತೆ. ಊರು ಅವಳಿಗೆ ಸೊಕ್ಕು ಎಂದಿತು.

ಈಗ ಟ್ರೆಂಟ್ ಹ್ಯಾವ್ಲಿಕ್ ಕಡೆಗೆ ಬರೋಣ. ಬರ್ನಡೀನ್‌ಳ ಮಗ, ಶಾಲೆಯ ಫುಟ್‌ಬಾಲ್ ತಂಡದ ಹಳೆಯ ಹೀರೋ, ಚರ್ಚಿನಲ್ಲಿ ಹಾಡುತ್ತಾನೆ, ವಿಮೆ ಮಾರುತ್ತಾನೆ. ಅವನು ಮಾರುವುದು ಖಾಸಗಿ ಕಂಪನಿಯ ಪ್ಲಾನ್. ಸರಕಾರದ ಮೆಡಿಕೇರ್ ಬದಲಿಗೆ ಅದನ್ನು ಹಿಡಿದರೆ ತಿಂಗಳ ಕಂತು ಹೆಚ್ಚುಕಡಿಮೆ ಇಲ್ಲ, ಹಲ್ಲು, ಕನ್ನಡಕ ಎಲ್ಲ ಸೇರಿದೆ. ಆದರೆ ಅವರ ಪಟ್ಟಿಯಲ್ಲಿರುವ ಡಾಕ್ಟರೇ ಆಗಬೇಕು, ದೊಡ್ಡ ಚಿಕಿತ್ಸೆಗೆ ಅವರ ಅನುಮತಿ ಬೇಕು. ಕೆಲವರಿಗೆ ಅದು ಸರಿಹೋಗುತ್ತದೆ. ಯಾರಿಗೆ ಹೋಗುತ್ತದೆ, ಯಾರಿಗೆ ಹೋಗುವುದಿಲ್ಲ ಎಂದು ಟ್ರೆಂಟ್ ತಲೆ ಕೆಡಿಸಿಕೊಂಡವನಲ್ಲ.

ಏಜೆಂಟರು ಕರೆಯದೆ ಮನೆಬಾಗಿಲು ತಟ್ಟಬಾರದು ಎಂದು ಕಾನೂನಿದೆ. ಊಟ ಹಾಕಿ ಪ್ಲಾನ್ ಮಾರಬಾರದು ಎಂದೂ ಇದೆ. ಆದರೆ ಸಾವಾದ ಮನೆಗೆ ಊರಿನವನೊಬ್ಬ ಆಲೂಗಡ್ಡೆ, ಹ್ಯಾಮ್ ಹಾಕಿ ಬೇಯಿಸಿದ್ದನ್ನು ಗಾಜಿನ ಪಾತ್ರೆಯಲ್ಲಿ ತಂದುಕೊಟ್ಟರೆ ಯಾವ ಕಾನೂನು ತಡೆಯುತ್ತದೆ? ಪಾತ್ರೆಯ ತಳದಲ್ಲಿ ಟೇಪಿನ ಮೇಲೆ ಹ್ಯಾವ್ಲಿಕ್ ಎಂದು ಬರೆದಿರುತ್ತದೆ. ಆ ಪಾತ್ರೆಯನ್ನು ಖಾಲಿ ವಾಪಸ್ ಕೊಡುವಂತಿಲ್ಲ, ಅದು ನಮ್ಮ ಅಜ್ಜಿಯರು ಹಡಗು ಹತ್ತಿ ಬರುವಾಗ ತಂದ ನೇಮ. ನೀವು ಏನಾದರೂ ತುಂಬಿ ಒಯ್ಯುತ್ತೀರಿ. ಅವನು ಮತ್ತೆ ತುಂಬಿ ತರುತ್ತಾನೆ. ಮೂರನೇ ಸುತ್ತಿಗೆ ಅವನು ನಿಮ್ಮ ಮೇಜಿನ ಮುಂದೆ ಕಾಫಿ ಕುಡಿಯುತ್ತಿರುತ್ತಾನೆ, ಫೈಲು ಬಿಚ್ಚಿರುತ್ತದೆ, ನೀವೇ ಕರೆದಿರಿ ಎಂಬ ಕಾಗದಕ್ಕೆ ನಿಮ್ಮದೇ ಸಹಿ ಬಿದ್ದಿರುತ್ತದೆ.

ಮಾರ್ಲೀನ್ ಪೊಸ್ಪಿಶಿಲ್‌ಗೆ ಆದದ್ದು ಇದೇ. ಗಂಡ ಎಮಿಲ್ ಸತ್ತ ಮುಂದಿನ ತಿಂಗಳು. ಎಮಿಲ್ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡುವವನು, ಹೆಂಡತಿಗೆ ಅರವತ್ತೈದಕ್ಕೇ ಪೂರಕ ವಿಮೆ ಮಾಡಿಸಿಟ್ಟಿದ್ದ. ಅದನ್ನು ಬಿಡಿಸಿ ಟ್ರೆಂಟ್ ತನ್ನ ಪ್ಲಾನಿಗೆ ಸೇರಿಸಿದ. ಜನವರಿ ಒಂದರಿಂದ ಅದು ಶುರುವಾಯಿತು. "ನಮ್ಮ ಡಾಕ್ಟ್ರು ಸಿಗ್ತಾರಾ?" ಎಂದು ಮಾರ್ಲೀನ್ ಕೇಳಿದ್ದಳು. ಸಿಗ್ತಾರೆ ಎಂದಿದ್ದ. ಊರಿನ ಡಾಕ್ಟರು ಪಟ್ಟಿಯಲ್ಲಿದ್ದರು, ಅದು ನಿಜವೇ.

ಅವಳು ಸಹಿ ಹಾಕಿದ ದಿನ ನಾನು ಅವಳ ಮನೆಯಲ್ಲಿ ಬಾಯ್ಲರ್ ನೋಡುತ್ತಿದ್ದೆ. ಮೇಜಿನ ಮೇಲೆ ಫೈಲು, ಅದರ ಪಕ್ಕ ಗಾಜಿನ ಪಾತ್ರೆ. ಏನು ನಡೆಯುತ್ತಿದೆ ಎಂದು ನನಗೆ ಅರ್ಥವಾಗಿತ್ತು. ಟ್ರೆಂಟ್ ಒಂದು ತಟ್ಟೆ ಮುಂದೆ ತಳ್ಳಿದ. ನಾನು ತಿಂದೆ. ಎರಡು ಸಲ ಹಾಕಿಸಿಕೊಂಡು ತಿಂದೆ, ಬಾಯಿ ತೆರೆದದ್ದು ಅದಕ್ಕೆ ಮಾತ್ರ.

ಪ್ಲಾನ್ ಶುರುವಾದ ವರ್ಷದ ಅಕ್ಟೋಬರಿನಲ್ಲೇ ಮಾರ್ಲೀನ್‌ಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳತೊಡಗಿತು. ಹೃದಯದ ಕವಾಟ ಕೆಟ್ಟಿದೆ, ಬದಲಿಸಬೇಕು ಎಂದರು ಡಾಕ್ಟರು. ಅದನ್ನು ಮಾಡುವವರು ಒಮಾಹಾದಲ್ಲಿದ್ದಾರೆ, ಪ್ಲಾನಿನ ಪಟ್ಟಿಯಲ್ಲಿ ಅವರಿಲ್ಲ. ಪಟ್ಟಿಯಲ್ಲಿದ್ದವರು ಜೂನ್‌ಗೆ ದಿನ ಕೊಟ್ಟರು. ಜೂನ್ ತನಕ ತಳ್ಳಬೇಡಿ ಎಂದು ಊರಿನ ಡಾಕ್ಟರು ಪ್ಲಾನಿನವರಿಗೆ ಎರಡು ಸಲ ಪತ್ರ ಬರೆದರು, ಎರಡು ಸಲವೂ ಆಗುವುದಿಲ್ಲ ಎಂದು ಉತ್ತರ ಬಂತು. ಊರಿನ ಡಾಕ್ಟರ ನರ್ಸ್ ಮಾರ್ಲೀನ್‌ಳನ್ನು ಆರ್ಡಿತ್‌ಳ ಮೇಜಿಗೆ ಕಳಿಸಿದಳು. ಅಂದು ಡಿಸೆಂಬರ್ ಹತ್ತು.

ಆರ್ಡಿತ್ ಕಾಗದ ನೋಡಿ ಹೇಳಿದ್ದು ಇಷ್ಟು. ಪ್ಲಾನ್ ಬದಲಿಸುವ ಸಾಮಾನ್ಯ ಅವಧಿ ಏಳನೇ ತಾರೀಕಿಗೆ ಮುಗಿದಿದೆ. ಆದರೆ ಪೂರಕ ವಿಮೆ ಬಿಟ್ಟು ಮೊದಲ ಸಲ ಇಂಥ ಪ್ಲಾನಿಗೆ ಹೋದವರಿಗೆ ಒಂದು ವರ್ಷದೊಳಗೆ ಹಿಂದಕ್ಕೆ ಬರುವ ಹಕ್ಕಿದೆ. ಹಳೆಯ ಕಂಪನಿ ಅದೇ ವಿಮೆಯನ್ನು ಇನ್ನೂ ಮಾರುತ್ತಿದ್ದರೆ ಕಾಯಿಲೆಯ ಮಾತೆತ್ತದೆ ವಾಪಸ್ ಕೊಡಬೇಕು. ಮಾರುತ್ತಿದೆ. ಮೂವತ್ತೊಂದನೇ ತಾರೀಕಿನೊಳಗೆ ಒಂದು ಫೋನ್ ಮಾಡಿ ಪ್ಲಾನ್ ಬಿಡುತ್ತೇನೆ ಎಂದರೆ ಸಾಕು.

"ಈಗ್ಲೇ ಮಾಡು" ಎಂದಳಂತೆ ಆರ್ಡಿತ್.

"ಟ್ರೆಂಟ್‌ಗೆ ಹೇಳ್ದೆ ಹೆಂಗೆ ಮಾಡ್ಲಿ? ಅವನ ಪಾತ್ರೆ ಬೇರೆ ನನ್ ಹತ್ರಾನೇ ಇದೆ" ಎಂದಳಂತೆ ಮಾರ್ಲೀನ್.

ಹೃದಯದ ಕವಾಟ ಕೆಟ್ಟಿರುವ ಹೆಂಗಸು, ಪಾತ್ರೆ ವಾಪಸ್ ಕೊಡದೆ ಸಂಬಂಧ ಮುರಿಯುವುದು ಸಭ್ಯತೆಯಲ್ಲ ಎಂದು ಎರಡು ವಾರ ಕಾದಳು. ಕ್ರಿಸ್‌ಮಸ್‌ನ ಅಡುಗೆಯಲ್ಲಿ ಒಂದು ಪಾಲು ಎತ್ತಿಟ್ಟು, ಪಾತ್ರೆ ತುಂಬಿಕೊಂಡು, ಇಪ್ಪತ್ತಮೂರಕ್ಕೆ ಟ್ರೆಂಟ್‌ನ ಮನೆಗೆ ಹೋದಳು. ಅವನು ಕೂರಿಸಿದ, ಉಪಚರಿಸಿದ. ಏಳನೇ ತಾರೀಕಿಗೆ ಅವಧಿ ಮುಗಿಯಿತು ಎಂದ. ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಅವಧಿ ಬರುತ್ತದೆ, ಆಗ ನಾನೇ ಬದಲಿಸಿಕೊಡುತ್ತೇನೆ ಎಂದ. ಎರಡೂ ಮಾತು ನಿಜ. ಆ ಅವಧಿಯಲ್ಲಿ ಮೆಡಿಕೇರ್‌ಗೆ ವಾಪಸ್ ಹೋಗಬಹುದು, ಪೂರಕ ವಿಮೆಯ ಹಕ್ಕು ಮಾತ್ರ ಅಷ್ಟೊತ್ತಿಗೆ ಸತ್ತಿರುತ್ತದೆ. ಅದೊಂದನ್ನು ಅವನು ಹೇಳಲಿಲ್ಲ. ಪಾತ್ರೆಗೆ ನೂಡಲ್ಸ್ ತುಂಬಿ ಮತ್ತೆ ಅವಳ ಕೈಗೇ ಕೊಟ್ಟು ಕಳಿಸಿದ.

ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನ. ಮಾರ್ಲೀನ್‌ಳ ಸಿಂಕ್ ಸೋರುತ್ತಿದೆ ಎಂದು ಹೋಗಿದ್ದೆ. ಸಿಂಕಿನ ಕೆಳಗೆ ಅಂಗಾತ ಮಲಗಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಆರ್ಡಿತ್.

"ಮಾರ್ಲೀನ್, ಫೋನ್ ಮಾಡಿದ್ಯಾ?"

"ಒಳಗೆ ಬಾ ಮೊದ್ಲು. ಕಾಫಿ ಕುಡಿ."

"ಕಾಫಿ ಬೇಡ. ಫೋನ್ ಮಾಡಿದ್ಯಾ?"

"ಜನವರೀಲಿ ಟ್ರೆಂಟ್ ಎಲ್ಲಾ ನೋಡ್ಕೋತಾನಂತೆ. ಮಾತು ಕೊಟ್ಟಿದೀನಿ. ಆರ್ಡಿತ್, ಬೇಜಾರು ಮಾಡ್ಕೋಬೇಡ, ನೀನು ನಮ್ಮನೇಲಿ ಒಂದು ಲೋಟ ನೀರೂ ಕುಡಿದವಳಲ್ಲ. ಎಮಿಲ್ ಹೋದಾಗ ಆ ಹುಡುಗ ನನ್ ಜೊತೆ ಕೂತು ಊಟ ಮಾಡ್ದ."

"ಹುಡುಗ ಅಂತೆ! ನಲವತ್ತನಾಲ್ಕು ಅವನಿಗೆ, ತಲೇಲಿ ಕೂದ್ಲಿಲ್ಲ."

ನಾನು ನಕ್ಕುಬಿಟ್ಟೆ. "ನೀನ್ಯಾಕೋ ನಗ್ತೀಯಾ? ಪೈಪ್ ನೋಡು" ಎಂದು ಅವಳ ಬೂಟು ನನ್ನ ಕಾಲಿಗೆ ತಗುಲಿತು.

ಆಮೇಲೆ ಕಾಗದ ಬಿಚ್ಚುವ ಸದ್ದು. ಮಾರ್ಲೀನ್‌ಳ ಹಳೆಯ ಕಂಪನಿಯ ಅರ್ಜಿ.

"ಓದು. ನಾಲ್ಕನೇ ಪ್ರಶ್ನೆ. ಜೋರಾಗಿ."

ಮಾರ್ಲೀನ್ ಕನ್ನಡಕ ಹುಡುಕಿದಳು. ನಂತರ ಶಾಲೆಯ ಹುಡುಗಿಯಂತೆ ಓದಿದಳು: "ವೈದ್ಯರು ಸಲಹೆ ನೀಡಿದ್ದು, ಇನ್ನೂ ಮಾಡಿಸಿಕೊಳ್ಳದಿರುವ ಶಸ್ತ್ರಚಿಕಿತ್ಸೆ ಇದೆಯೇ?"

"ಏನ್ ಬರೀತೀಯಾ?"

ಮಾರ್ಲೀನ್ ಕಾಗದವನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದ ಸದ್ದಾಯಿತು.

"ಇವತ್ತೊಳಗೆ ಪ್ಲಾನ್ ಬಿಟ್ರೆ ಈ ಪುಟ ತುಂಬೋದೇ ಬೇಡ. ನಾಳೆ ಬಿಟ್ರೆ ತುಂಬ್ಲೇಬೇಕು. ತುಂಬಿದ್ರೆ ನಂಗ್ ಬಂದಿದ್ದಂಥ ಒಂದು ಸಾಲಿನ ಕಾಗದ ನಿಂಗೂ ಬರುತ್ತೆ. ಅದನ್ನ ಲೆನರ್ಡ್ ಅಂಗಿ ಜೇಬಲ್ಲಿ ಇಟ್ಕೊಂಡೇ ಓಡಾಡ್ತಿದ್ದ ಕಣೇ."

"ಟ್ರೆಂಟ್ ಹಿಂಗೆ ಹೇಳ್ಲಿಲ್ಲ."

"ಅವನ್ ಯಾಕ್ ಹೇಳ್ತಾನೆ? ಅವನಿಗೆ ಸಂಬಳ ಕೊಡೋರು ಯಾರು, ನೀನಾ?"

ಆರ್ಡಿತ್ ತಾನೇ ಮೆಡಿಕೇರ್ ಸಹಾಯವಾಣಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ನಲವತ್ತು ನಿಮಿಷ ಒಂದೇ ಪಿಟೀಲು ರಾಗ. ನನ್ನ ಕೆಲಸ ಮುಗಿದಿರಲಿಲ್ಲ, ಮುಗಿದಿದ್ದರೂ ಏಳುತ್ತಿರಲಿಲ್ಲ. ಕೊನೆಗೆ ಒಂದು ಹೆಣ್ಣುದನಿ ಬಂತು. ಆರ್ಡಿತ್ ವಿಷಯ ಹೇಳಿದಳು.

"ಮೇಡಂ, ಪಕ್ಕದವ್ರು ಹೇಳಿದ್ರೆ ಆಗಲ್ಲ. ಪೊಸ್ಪಿಶಿಲ್ ಅವ್ರೇ ಹೇಳ್ಬೇಕು. ಪ್ಲಾನ್ ಬಿಡ್ತೀರಾ?"

ಮಾರ್ಲೀನ್ ಫೋನಿನ ಕಡೆ ಬಾಗಿದಳು. "ಟ್ರೆಂಟ್‌ಗೆ ನಾನೇನ್ ಹೇಳ್ಲಿ?"

"ಯಾರು ಮೇಡಂ ಟ್ರೆಂಟ್?"

ಇಷ್ಟು ಹೊತ್ತಿನಲ್ಲಿ ಮೊದಲ ಸಲ ಮಾರ್ಲೀನ್ ಏನನ್ನೋ ಯೋಚಿಸುತ್ತಿರುವುದು ಸಿಂಕಿನ ಕೆಳಗೂ ಗೊತ್ತಾಯಿತು. ಕುರ್ಚಿ ಕಿರುಗುಟ್ಟಿತು. "ಬಿಡ್ತೀನಿ" ಎಂದಳು. ಅವರು ಇನ್ನೊಮ್ಮೆ ಕೇಳಿದರು. "ಬಿಡ್ತೀನಿ ಅಂದ್ನಲ್ಲ" ಎಂದು ರೇಗಿದಳು.

ಫೋನ್ ಇಟ್ಟ ಮೇಲೆ ಅಳುತ್ತಾಳೆ ಎಂದುಕೊಂಡಿದ್ದೆ. ಇಲ್ಲ. "ನಾಳೆ ಕೊಲಾಚೆ ಮಾಡಿ, ಪಾತ್ರೆ ತಗೊಂಡ್ ಹೋಗಿ, ನಾನೇ ಅವನಿಗೆ ಸಮಾಧಾನ ಹೇಳ್ತೀನಿ" ಎಂದಳು.

ಆರ್ಡಿತ್ ಎದ್ದಳು. ಫ್ರಿಜ್ ತೆರೆದು ಪಾತ್ರೆ ತೆಗೆದು, ಉಳಿದಿದ್ದ ನೂಡಲ್ಸನ್ನು ಕಸದ ಬುಟ್ಟಿಗೆ ಸುರಿದಳು. ನಾನು ಸಿಂಕನ್ನು ಬಿಚ್ಚಿ ಹಾಕಿದ್ದರಿಂದ ತೊಳೆಯಲು ನೀರಿರಲಿಲ್ಲ, ಪೇಪರಿನಿಂದ ಒರೆಸಿದಳು.

"ಏನ್ ಮಾಡ್ತಿದೀಯಾ ನೀನು? ಹಂಗೇ ಕೊಡ್ತೀಯಾ? ಖಾಲಿ? ನನ್ನ ಹೆಸರಲ್ಲಿ?"

"ನೀನ್ ಹೋದ್ರೆ ಅವನು ಇದನ್ನ ಮತ್ತೆ ತುಂಬಿ ಕೊಡ್ತಾನೆ, ನೀನು ಮತ್ತೆ ಸಹಿ ಹಾಕಿ ಬರ್ತೀಯಾ."

"ನಮ್ಮನೆಯಿಂದ ಆಚೆ ನಡಿ, ಆರ್ಡಿತ್!"

"ಹೊರಟೆ" ಎಂದು ಪಾತ್ರೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟಳು. ಚಳಿಗೆ ಅವಳ ಕಾರು ಸ್ಟಾರ್ಟ್ ಆಗಲಿಲ್ಲ. ನನ್ನ ವ್ಯಾನಿನಲ್ಲಿ ಕೂತು ಚರ್ಚಿನ ಹಾಲ್‌ಗೆ ಬಿಡು ಎಂದಳು. ಬಿಟ್ಟೆ, ಒಳಗೂ ಹೋದೆ.

ಹೊಸ ವರ್ಷದ ಊಟಕ್ಕೆ ಹೆಂಗಸರು ಮೇಜು ಜೋಡಿಸುತ್ತಿದ್ದರು. ಟ್ರೆಂಟ್ ಕುರ್ಚಿ ಹೊರುತ್ತಿದ್ದ, ಅವನ ತಾಯಿ ಬರ್ನಡೀನ್ ಎಲೆಕೋಸು ಹೆಚ್ಚುತ್ತಿದ್ದಳು. ಆರ್ಡಿತ್ ಪಾತ್ರೆಯನ್ನು ಅವನ ಮುಂದೆ ಮೇಜಿನ ಮೇಲೆ ಇಟ್ಟಳು. ಗಾಜು ಸದ್ದು ಮಾಡಿತು.

"ನಿನ್ ಪಾತ್ರೆ. ಮಾರ್ಲೀನ್ ಮನೆಯಿಂದ."

ಬರ್ನಡೀನ್ ಬಂದು ಒಳಗೆ ನೋಡಿದಳು. ಚಾಕು ಹಿಡಿದ ಕೈ ಹಾಗೇ ನಿಂತಿತು. "ಖಾಲಿ ತಂದಿದೀಯಲ್ಲೇ."

"ಹೂಂ. ಖಾಲಿ."

ಟ್ರೆಂಟ್ ನಕ್ಕ. ಜನರ ಮುಂದೆ ನಗುವುದು ಅವನಿಗೆ ಚೆನ್ನಾಗಿ ಗೊತ್ತು. "ಮಿಸೆಸ್ ಕುಬಿಚೆಕ್, ನಾನು ಅವ್ರಿಗೆ ಒಂದಾದ್ರೂ ಸುಳ್ಳು ಹೇಳಿದೀನಾ? ನೀವೇ ಹೇಳಿ."

"ಒಂದೂ ಇಲ್ಲ. ಎರಡನೇ ಕ್ಲಾಸಲ್ಲೂ ನೀನು ಹಿಂಗೇ. ಬಟಾಣಿ ತಿಂದ್ಯೇನೋ ಅಂದ್ರೆ ತಿಂದೆ ಅಂತಿದ್ದೆ. ತಿಂದೂ ಇರ್ತಿದ್ದೆ, ಎರಡು ಕಾಳು. ಉಳಿದಿದ್ದು ಜೇಬಲ್ಲಿ."

ಆ ಹಾಲ್‌ನಲ್ಲಿ ಹನ್ನೆರಡು ಹೆಂಗಸರಿದ್ದರು. ಅವರಲ್ಲಿ ಐವರ ಕಾಗದಕ್ಕೆ ಟ್ರೆಂಟ್ ಸಹಿ ಹಾಕಿಸಿಕೊಂಡಿದ್ದ. ಆ ಐವರೂ ಆರ್ಡಿತ್‌ಳನ್ನು ನೋಡಿದ ನೋಟವಿದೆಯಲ್ಲ, ಕಳ್ಳಿಯನ್ನೂ ಯಾರೂ ಹಾಗೆ ನೋಡುವುದಿಲ್ಲ.

ಮಾರ್ಲೀನ್‌ಗೆ ಹಳೆಯ ವಿಮೆ ವಾಪಸ್ ಸಿಕ್ಕಿತು. ಫೆಬ್ರುವರಿ ಕೊನೆಯಲ್ಲಿ ಒಮಾಹಾದಲ್ಲಿ ಕವಾಟ ಬದಲಿಸಿದರು. ಈಗ ಊರುಗೋಲಿಲ್ಲದೆ ಚರ್ಚಿಗೆ ನಡೆದು ಬರುತ್ತಾಳೆ, ಆರ್ಡಿತ್ ಕೂತ ಸಾಲನ್ನು ದಾಟಿ ಹಿಂದಕ್ಕೆ ಹೋಗಿ ಕೂರುತ್ತಾಳೆ. "ನನ್ನ ಹೆಸರಲ್ಲಿ ಖಾಲಿ ಪಾತ್ರೆ ಕೊಟ್ಟಳು" ಎಂದು ಈಗಲೂ ಹೇಳಿಕೊಂಡು ತಿರುಗುತ್ತಾಳೆ. ಸಾವಿನ ಮನೆಯ ಊಟಕ್ಕೆ ಅಡುಗೆ ಮಾಡುವವರ ಪಟ್ಟಿಯಿಂದ ಆರ್ಡಿತ್‌ಳ ಹೆಸರನ್ನು ಹೊಡೆದುಹಾಕಿದ್ದೀರಿ. ಮೂವತ್ತೊಂದು ವರ್ಷ ನಿಮ್ಮ ಮಕ್ಕಳಿಗೆ ಬಡಿಸಿದವಳನ್ನು! ಟ್ರೆಂಟ್ ಈಗಲೂ ಒಳ್ಳೆಯ ಹುಡುಗ, ಈಗಲೂ ಹಾಡುತ್ತಾನೆ.

ಮಾರ್ಲೀನ್ ಮಾತು ಬಿಟ್ಟಿದ್ದಾಳಲ್ಲ, ನಿನಗೆ ಬೇಸರವಿಲ್ಲವೇ ಎಂದು ಆರ್ಡಿತ್‌ಳನ್ನು ಕೇಳಿದೆ.

"ಮೆಟ್ಟಿಲು ಹತ್ತುವಾಗ ಎದೆ ಹಿಡ್ಕೊಳುತ್ತಾ ಅವಳಿಗೆ?"

"ಇಲ್ಲ."

"ಮತ್ತೆ?" ಎಂದು ಫ್ಲಾಸ್ಕ್ ಮುಚ್ಚಳ ತಿರುಗಿಸಿದಳು.

ಈಗ ಮತ್ತೆ ಅಕ್ಟೋಬರ್, ಪ್ಲಾನ್ ಬದಲಿಸುವ ಕಾಲ. ಟ್ರೆಂಟ್‌ನ ಪಾತ್ರೆಗಳು ಬೀದಿಗೆ ಬಿದ್ದಿವೆ. ನಾನು ಕೆಲಸಕ್ಕೆ ಹೋದ ನಾಲ್ಕು ಅಡುಗೆಮನೆಗಳಲ್ಲಿ ಕಂಡಿದ್ದೇನೆ. ಆರ್ಡಿತ್‌ಳ ಕಣ್ಣಿಗೆ ಪೊರೆ ಬಂದಿದೆ, ಕಾರು ಓಡಿಸಬೇಡಿ ಎಂದಿದ್ದಾರೆ, ಸಣ್ಣ ಅಕ್ಷರ ಕಾಣುವುದಿಲ್ಲ. ಆ ಮೇಜಿನಲ್ಲಿ ಓದಬೇಕಾದದ್ದೆಲ್ಲ ಸಣ್ಣ ಅಕ್ಷರವೇ. ಹೊಸಬರಿಗೆ ತರಬೇತಿ ಕೊಡಲು ರಾಜ್ಯದವರು ಮುಂದಿನ ಸೋಮವಾರ ಲೈಬ್ರರಿಗೆ ಬರುತ್ತಾರೆ. ಹೆಸರು ಬರೆಸುವ ಹಾಳೆ ಮೂರು ವಾರದಿಂದ ಅಲ್ಲಿ ತೂಗುತ್ತಿದೆ. ಅದರಲ್ಲಿ ಇರುವುದು ನನ್ನದೊಂದೇ ಹೆಸರು, ಅಂಕಗಣಿತ ಬಾರದ ಪೈಪ್ ರಿಪೇರಿಯವನದು.

ನಿಮ್ಮಲ್ಲಿ ಮೇಷ್ಟರಾಗಿದ್ದವರಿದ್ದೀರಿ, ಬ್ಯಾಂಕಿನಲ್ಲಿ ಕೂತೆದ್ದವರಿದ್ದೀರಿ, ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರಿದ್ದೀರಿ. ಎಲ್ಲರಿಗೂ ಓದಲು ಬರುತ್ತದೆ, ಈ ಅಂಕಣವನ್ನು ಓದಿ ನನಗೆ ಬೈಗುಳದ ಪತ್ರ ಬರೆಯಲೂ ಬಿಡುವಿದೆ. ಈ ಸಲ ಪತ್ರ ಬೇಡ. ಪೆನ್ನು ತೆಗೆದುಕೊಂಡು ಲೈಬ್ರರಿಗೆ ನಡೆಯಿರಿ, ನನ್ನ ಹೆಸರಿನ ಕೆಳಗೆ ನಿಮ್ಮದನ್ನು ಬರೆಯಿರಿ.